ನಿಮ್ಮ ಕೈಗೆ ಪೆನ್ಸಿಲು ಹಿಡಿಸಿದ ಓದು ಯಾವುದು? ಚಿತ್ರಕಥೆ ಬರೆಯುವವರಿಗೊಂದು ಪ್ರಶ್ನೆ

ಬೆಣ್ಣೆಹೊಳೆ (ಶಿರಸಿ)

ನಮ್ಮೂರಿನ ಗ್ರಾಮ ಪಂಚಾಯತ ಗ್ರಂಥಾಲಯದಲ್ಲಿ ಮಕ್ಕಳಿಗಾಗಿ ಚಿತ್ರಕಥೆಗಳ (ಕಾಮಿಕ್ಸ್) ಒಂದು ಕಪಾಟು ಮಾಡಲು ಊರಿನ ಕೆಲವರು ಸೇರಿ ಹಣ ಕೂಡಿಸಿದ್ದೇವೆ. ಮೊತ್ತ ದೊಡ್ಡದಲ್ಲ, ಆದ್ದರಿಂದ ಯಾವ ಪುಸ್ತಕ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಲೇಬೇಕಾಗಿದೆ. ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಬರುವ ಮಕ್ಕಳು ಓದುವುದೇನೋ ಓದುತ್ತಾರೆ. ಆದರೆ ಅವರಲ್ಲಿ ಒಬ್ಬ ಹುಡುಗ, ನಾಲ್ಕನೆಯ ತರಗತಿಯವನು, ಓದಿದ ಕಥೆಯನ್ನು ಅಲ್ಲಿಗೇ ಬಿಡದೆ ಪಟ್ಟಿಯ (ನೋಟ್‌ಬುಕ್ಕಿನ) ಹಿಂದಿನ ಪುಟಗಳಲ್ಲಿ ಚೌಕ ಹಾಕಿ, ಅದೇ ಪಾತ್ರಗಳನ್ನು ಬೇರೆ ಊರಿಗೆ ಕರೆದೊಯ್ದು, ತಾನೇ ಮಾತು ಬರೆದು ಉಳಿದವರಿಗೆ ತೋರಿಸುತ್ತಾನೆ. ಅವನನ್ನು ನೋಡಿದಾಗಿನಿಂದ ನನಗೆ ಹುಟ್ಟಿದ ಪ್ರಶ್ನೆ ಇದು: ಓದುವ ಎಲ್ಲ ಮಕ್ಕಳೂ ಬರೆಯುವುದಿಲ್ಲವೇಕೆ? ಬರೆಯುವಂತೆ ಮಾಡುವ ಓದು ಬೇರೆಯೇ ಇದೆಯೇ?

ಇಲ್ಲಿ ಚಿತ್ರ ಬರೆಯುವವರು, ಹಿಂದೆ ಬರೆಯುತ್ತಿದ್ದವರು ಹಲವರಿದ್ದೀರಿ. ನೀವು ಬಾಲ್ಯದಲ್ಲಿ ಇಷ್ಟಪಟ್ಟ ಪುಸ್ತಕಗಳ ಪಟ್ಟಿ ನನಗೆ ಬೇಡ. ಯಾವುದನ್ನು ಓದಿದ ಮೇಲೆ ನಿಮ್ಮದೇ ಚಿತ್ರಕಥೆ ಬರೆಯಲು ಕುಳಿತಿರಿ, ಯಾಕೆ ಕುಳಿತಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಸದಾಶಿವಗಡ (ಕಾರವಾರ)

ನನಗೆ ಚಂದಮಾಮ. ಎರಡು ಭಾಷೆಗಳ ಚಂದಮಾಮ ಎಂದರೆ ಇನ್ನೂ ಸರಿ. ನಮ್ಮ ಮನೆಯ ಮಾತು ಕೊಂಕಣಿ, ಶಾಲೆ ಕನ್ನಡ, ಗೋವೆಯಲ್ಲಿದ್ದ ಮಾವ ಬರುವಾಗ ತರುತ್ತಿದ್ದುದು ಮರಾಠಿಯ ಚಾಂದೋಬಾ. ಅದು ಚಂದಮಾಮದ ಮರಾಠಿ ಆವೃತ್ತಿ. ಕನ್ನಡದಲ್ಲಿ ಓದಿದ ಕಥೆಯ ಚಿತ್ರವೇ ಅಲ್ಲಿಯೂ ಇರುತ್ತಿತ್ತು. ಅದೇ ರಾಜ, ಅದೇ ಕತ್ತಿ, ಅದೇ ಮರ, ಸುತ್ತಲಿನ ಅಕ್ಷರ ಮಾತ್ರ ಬೇರೆ. ಚಿತ್ರ ಯಾವ ಭಾಷೆಗೂ ಸೇರಿದ್ದಲ್ಲ, ಅದು ತನ್ನಷ್ಟಕ್ಕೆ ಕಥೆ ಹೇಳಬಲ್ಲುದು ಎಂದು ನನಗೆ ತಿಳಿದದ್ದು ಹಾಗೆ. ಮಾತು ಮೂರು ಭಾಷೆಗಳಲ್ಲಿ ಹಂಚಿಹೋಗಿದ್ದ ಹುಡುಗನಿಗೆ ಅದು ದೊಡ್ಡ ಬಿಡುಗಡೆಯಾಗಿತ್ತು.

ಚಂದಮಾಮದ ಕಲಾವಿದ ಶಂಕರ್ ಅವರು ಬರೆದ ವಿಕ್ರಮ ಮತ್ತು ಬೇತಾಳರ ಚಿತ್ರವನ್ನು, ಹೆಗಲ ಮೇಲೆ ಶವ, ಕೈಯಲ್ಲಿ ಹಿರಿದ ಕತ್ತಿ, ಹಿಂದೆ ಸ್ಮಶಾನದ ಕತ್ತಲೆ, ನಾನು ನಕಲು ಮಾಡದ ಕಾಗದವಿಲ್ಲ. ಅವರು 2020ರಲ್ಲಿ ತೀರಿಕೊಂಡ ಸುದ್ದಿ ಓದಿದ ದಿನ ಮನೆಯಲ್ಲಿದ್ದ ಹಳೆಯ ಸಂಚಿಕೆಗಳನ್ನೆಲ್ಲ ಮತ್ತೆ ತೆಗೆದು ಕುಳಿತಿದ್ದೆ.

ಹಳೇ ಸಂಚಿಕೆ (ಶಿರಸಿ)

ಚಂದಮಾಮದ ಬಗ್ಗೆ ನನಗಿರುವ ಗೌರವ ಯಾರಿಗೂ ಕಡಿಮೆಯಲ್ಲ. 1947ರ ಜುಲೈನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾಗಿ, ಮರುವರ್ಷವೇ ಕನ್ನಡಕ್ಕೆ ಬಂದ ಪತ್ರಿಕೆ ಅದು. ಅದನ್ನು ನಡೆಸಿದ ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು ಕಲಾವಿದರನ್ನು ಲೇಖಕರಷ್ಟೇ ಮುಖ್ಯರೆಂದು ಇಟ್ಟುಕೊಂಡಿದ್ದರು. ಆದರೆ ಪ್ರಶ್ನೆ ಚಿತ್ರಕಥೆಯದು. ಚಂದಮಾಮದ ಕಥೆಗಳಲ್ಲಿದ್ದುದು ಕಥೆಗೆ ಬರೆದ ಚಿತ್ರ, ಒಂದು ಪುಟಕ್ಕೆ ಒಂದು. ಒಂದು ಚೌಕದಿಂದ ಮತ್ತೊಂದು ಚೌಕಕ್ಕೆ ಕಾಲ ಹೇಗೆ ಸರಿಯುತ್ತದೆ, ಯಾರ ಮಾತು ಮೊದಲು, ಯಾರದು ಆಮೇಲೆ ಎಂಬುದನ್ನು ಅದು ಕಲಿಸಲಾರದು. ಅದನ್ನು ಕಲಿಸಿದ್ದು ಅಮರ ಚಿತ್ರಕಥೆ ಮತ್ತು ಇಂದ್ರಜಾಲ ಕಾಮಿಕ್ಸ್.

ಸದಾಶಿವಗಡ (ಕಾರವಾರ)

ಬೆಣ್ಣೆಹೊಳೆಯವರು ಕೇಳಿದ್ದು ಕೈಗೆ ಪೆನ್ಸಿಲು ಹಿಡಿಸಿದ್ದು ಯಾವುದು ಎಂದು, ಚೌಕ ಹಾಕಲು ಕಲಿಸಿದ್ದು ಯಾವುದು ಎಂದಲ್ಲ. ಎರಡೂ ಬೇರೆ.

ಅಘನಾಶಿನಿ (ಕುಮಟಾ)

ಬೇರೆಯೇನೂ ಅಲ್ಲ ಅಣ್ಣಾ. ಚಿತ್ರ ನಕಲು ಮಾಡುವ ಮಕ್ಕಳು ನೂರಾರು ಇರುತ್ತಾರೆ, ಅವರು ಚಿತ್ರಕಾರರಾಗುತ್ತಾರೆ. ಚಿತ್ರಕಥೆ ಬರೆಯುವವರು ಬೇರೆ ಜಾತಿಯವರು. ಅವರಿಗೆ ‘ಆಮೇಲೆ ಏನಾಯಿತು’ ಎಂಬ ಕಾಟವಿರುತ್ತದೆ.

ನನ್ನ ಅನುಭವ ಹೇಳುತ್ತೇನೆ. ನಮ್ಮ ಊರಿನ ಕ್ಷೌರದಂಗಡಿಯ ಬೆಂಚಿನ ಮೇಲೆ ಇಂದ್ರಜಾಲ ಕಾಮಿಕ್ಸಿನ ಹಳೆಯ ಪ್ರತಿಗಳಿರುತ್ತಿದ್ದವು. ರಟ್ಟು ಹೋಗಿರುತ್ತಿತ್ತು, ಕೊನೆಯ ಹಾಳೆಗಳು ಹೆಚ್ಚಾಗಿ ಇರುತ್ತಲೇ ಇರಲಿಲ್ಲ. ಫ್ಯಾಂಟಮ್ ಗುಹೆಯೊಳಗೆ ಸಿಕ್ಕಿಬಿದ್ದಿದ್ದಾನೆ, ಬಾಗಿಲಲ್ಲಿ ಶತ್ರುಗಳಿದ್ದಾರೆ, ಮುಂದಿನ ಪುಟವಿಲ್ಲ. ಅಂಗಡಿಯವರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಮನೆಗೆ ಬಂದು ಆ ಕೊನೆಯನ್ನು ನಾನೇ ಬರೆದೆ. ಗೆಳೆಯನಿಗೆ ತೋರಿಸಿದಾಗ ಅವನು ಹಾಗಲ್ಲ ಎಂದು ಬೇರೆಯದೇ ಕೊನೆ ಬರೆದು ತಂದ. ಆ ವರ್ಷ ಪೂರ್ತಿ ನಾವಿಬ್ಬರೂ ಹರಿದುಹೋದ ಪುಟಗಳನ್ನೇ ಬರೆದೆವು. ಕಥೆ ಪೂರ್ಣವಾಗಿ ಕೈಗೆ ಸಿಕ್ಕಿದ್ದರೆ ಓದಿ ಇಟ್ಟುಬಿಡುತ್ತಿದ್ದೆವೆಂದು ನನಗೆ ನಂಬಿಕೆಯಿದೆ. ಆದ್ದರಿಂದ ಬೆಣ್ಣೆಹೊಳೆ ಅಕ್ಕಾ, ಕಪಾಟಿನಲ್ಲಿ ಮುಗಿಯದ ಕಥೆಗಳಿರಲಿ. ಧಾರಾವಾಹಿಗಳಿರಲಿ. ಮುಂದಿನ ಭಾಗ ಬೇಕೆಂದೇ ತಡವಾಗಿ ಬರಲಿ.

ಹಳೇ ಸಂಚಿಕೆ (ಶಿರಸಿ)

ಇಂದ್ರಜಾಲ 1964ರ ಮಾರ್ಚಿನಲ್ಲಿ ಆರಂಭವಾಗಿ 1990ರಲ್ಲಿ ನಿಂತಿತು. ಮೊದಲ 32 ಸಂಚಿಕೆಗಳಲ್ಲಿ ಮುಖ್ಯ ಕಥೆ ಫ್ಯಾಂಟಮನದೇ. ಲೀ ಫಾಕ್ ಅವರು ಆ ಪಾತ್ರವನ್ನು ಸೃಷ್ಟಿಸಿದ್ದು 1936ರಲ್ಲಿ, ದಿನಪತ್ರಿಕೆಗಾಗಿ. ದಿನಕ್ಕೆ ಮೂರು ನಾಲ್ಕು ಚೌಕ ಮಾತ್ರ ಬರುತ್ತಿದ್ದುದರಿಂದ ಪ್ರತಿದಿನದ ಕೊನೆಯ ಚೌಕದಲ್ಲಿ ಓದುಗನನ್ನು ಹಿಡಿದು ನಿಲ್ಲಿಸಲೇಬೇಕಿತ್ತು. ಪುಸ್ತಕವಾಗಿ ಕಟ್ಟಿದ ಮೇಲೂ ಆ ತಡೆಗಳು ಉಳಿದವು. ಅಘನಾಶಿನಿಯವರಿಗೆ ಎಲ್ಲಿ ಹರಿದರೂ ಕುತೂಹಲ ಉಳಿದದ್ದಕ್ಕೆ ಅದೇ ಕಾರಣ. ಬೇರೆ ಬಗೆಯ ಪುಸ್ತಕದ ಕೊನೆ ಹರಿದಿದ್ದರೆ ನೀವು ಪೆನ್ಸಿಲು ಹಿಡಿಯುತ್ತಿದ್ದಿರೋ ಇಲ್ಲವೋ.

ಕೆಂಪುಕಲ್ಲು (ಅಂಕೋಲಾ)

ಅಮರ ಚಿತ್ರಕಥೆಯ ಸಂಪಾದಕ ಅನಂತ ಪೈ ಅವರು ನಮ್ಮ ಕರಾವಳಿಯವರೇ, ಕಾರ್ಕಳದವರು, ಎಂಬುದನ್ನು ಯಾರೂ ಹೇಳಲಿಲ್ಲವಲ್ಲ.

ಹಳೇ ಸಂಚಿಕೆ (ಶಿರಸಿ)

ಹೌದು, 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಇನ್ನೊಂದು ವಿಷಯ ಕನ್ನಡಿಗರಿಗೇ ಹೆಚ್ಚು ತಿಳಿದಿಲ್ಲ. ಅಮರ ಚಿತ್ರಕಥೆಯ ಇಂಗ್ಲಿಷ್ ಮಾಲೆ ಕೃಷ್ಣನ ಕಥೆಯಿಂದ ಆರಂಭವಾಯಿತೆಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಪುಸ್ತಕದ ಸಂಖ್ಯೆ 11. ಅದಕ್ಕೂ ಮುಂಚಿನ ಹತ್ತು ಸಂಚಿಕೆಗಳು ಸಿಂಡರೆಲ್ಲಾಳಂತಹ ಪಾಶ್ಚಾತ್ಯ ಕಥೆಗಳಾಗಿದ್ದವು, ಮತ್ತು ಅವು ಬಂದದ್ದು ಕನ್ನಡದಲ್ಲಿ. ಪ್ರಕಾಶಕರಾದ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಕಚೇರಿಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಆಸಕ್ತಿಯಿಂದ ಆದ ಕೆಲಸ ಅದು. ದೇಶವೆಲ್ಲ ಓದಿದ ಮಾಲೆಯ ಮೊದಲ ಹೆಜ್ಜೆ ಕನ್ನಡದ ಮಕ್ಕಳಿಗಾಗಿ ಇಟ್ಟದ್ದು ಎಂಬುದನ್ನು ನಾವು ಗಟ್ಟಿಯಾಗಿ ಹೇಳಿಕೊಳ್ಳಬೇಕು. ಬೆಣ್ಣೆಹೊಳೆಯವರ ಕಪಾಟಿನಲ್ಲಿ ಮೊದಲ ಸ್ಥಾನ ಅದಕ್ಕೇ ಸಲ್ಲಬೇಕೆಂದು ನನ್ನ ಮತ.

ಕೆಂಪುಕಲ್ಲು (ಅಂಕೋಲಾ)

ಗೌರವ ಸಲ್ಲಲಿ, ಸ್ಥಾನ ಬೇಡ. ಅಮರ ಚಿತ್ರಕಥೆ ಓದಿ ನಾನು ಒಂದು ಗೆರೆಯನ್ನೂ ಎಳೆಯಲಿಲ್ಲ. ಆ ಸ್ನಾಯುಗಳು, ಆ ಆಭರಣಗಳು, ರಥದ ಒಂದೊಂದು ಕೀಲು. ಇವೆಲ್ಲ ನನ್ನಿಂದ ಆಗುವುದಿಲ್ಲ ಎಂದು ಮಗುವಿಗೆ ಮೊದಲ ಪುಟದಲ್ಲೇ ತಿಳಿದುಬಿಡುತ್ತದೆ. ನನಗೆ ಧೈರ್ಯ ಕೊಟ್ಟದ್ದು ಬಾಲಮಂಗಳದ ಡಿಂಗ. ದುಂಡನೆಯ ತಲೆ, ಎರಡು ಕಿವಿ, ಒಂದು ಬಾಲ, ಬೆನ್ನಿಗೊಂದು ಬಟ್ಟೆ. ಎರಡನೆಯ ಸಲಕ್ಕೆ ಡಿಂಗನಂತೆಯೇ ಕಾಣುವ ಇಲಿ ನನ್ನ ಪಟ್ಟಿಯಲ್ಲಿ ಹಾರುತ್ತಿತ್ತು, ಮೂರನೆಯ ಸಲಕ್ಕೆ ಅವನು ಪಂಕಿಲ ಕಾಡು ಬಿಟ್ಟು ಅಂಕೋಲೆಯ ಗದ್ದೆ ಬಯಲಿಗೆ ಬಂದಿದ್ದ. ಮಗುವಿಗೆ ನಕಲು ಮಾಡಲು ಸಾಧ್ಯವಾಗುವ ಪಾತ್ರವೇ ಮಗುವಿಗೆ ಸ್ವಂತವಾಗುವ ಪಾತ್ರ.

ರೇಖೆ_ಬರಹ (ಭಟ್ಕಳ)

ಕೆಂಪುಕಲ್ಲು ಅಣ್ಣನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ.

ಹಳೇ ಸಂಚಿಕೆ (ಶಿರಸಿ)

ಹಾಗಾದರೆ ಒಂದು ಮಾತು ಕೇಳಿ. ಅಮರ ಚಿತ್ರಕಥೆಯ ಆ ಕೃಷ್ಣನನ್ನು ಬರೆದವರು ರಾಮ್ ವಾಯಿರ್ಕರ್. 1980ರಲ್ಲಿ ಆರಂಭವಾದ ಟಿಂಕಲ್ ಪತ್ರಿಕೆಯಲ್ಲಿ ಸುಪ್ಪಾಂಡಿಗೆ ರೂಪ ಕೊಟ್ಟವರೂ ಅವರೇ. ಉದ್ದ ಮೂಗು, ಕಡ್ಡಿಯಂತಹ ಕೈಕಾಲು, ಯಾವ ಮಗುವೂ ಬರೆಯಬಹುದಾದ ಸುಪ್ಪಾಂಡಿ. ಒಂದೇ ಕೈ ಎರಡನ್ನೂ ಬರೆಯಬಲ್ಲುದಾದರೆ, ಒಂದೇ ಕಪಾಟಿನಲ್ಲಿ ಎರಡೂ ಇದ್ದು ಮಗು ಅವುಗಳನ್ನು ಅಕ್ಕಪಕ್ಕ ಇಟ್ಟು ನೋಡುವುದರಲ್ಲಿ ಏನು ತೊಂದರೆ? ಅವರ ನಂತರ ಸುಪ್ಪಾಂಡಿಯನ್ನು ಬರೆದವರು ಅವರ ಮಗಳು ಅರ್ಚನಾ ಅಂಬೇರ್ಕರ್. ಮನೆಯೊಳಗೆ ತಂದೆಯ ಗೆರೆ ನೋಡುತ್ತ ಬೆಳೆಯುವುದೂ ಒಂದು ಓದೇ ಅಲ್ಲವೇ?

ಕೆಂಪುಕಲ್ಲು (ಅಂಕೋಲಾ)

ಸುಪ್ಪಾಂಡಿಯನ್ನು ಕೊಳ್ಳಿ, ನನ್ನ ಅಡ್ಡಿಯಿಲ್ಲ. ಅದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ.

ಡ್ರಾಯಿಂಗ್ ಮಾಸ್ತರು (ಹೊನ್ನಾವರ)

ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು. ನಕಲಿನ ಬಗ್ಗೆ ನಡೆದಿರುವ ಈ ಚರ್ಚೆಯಲ್ಲಿ ನನಗೂ ಕೆಲವು ಮಾತುಗಳನ್ನು ಹೇಳಬೇಕೆನಿಸಿತು.

ನಮ್ಮ ಶಾಲೆಗಳಲ್ಲಿ ಚಿತ್ರಕಲೆಯೆಂದರೆ ಲೋವರ್ ಗ್ರೇಡ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಯ ತಯಾರಿ: ತಂಬಿಗೆ ಮತ್ತು ಹಣ್ಣು ಇಟ್ಟು ವಸ್ತುಚಿತ್ರ, ಜ್ಯಾಮಿತಿ, ಹೂಬಳ್ಳಿಯ ವಿನ್ಯಾಸ. ಅದು ಕೈಗೆ ಒಳ್ಳೆಯ ಶಿಸ್ತು ಕೊಡುತ್ತದೆ, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಅದರಲ್ಲಿ ಎಲ್ಲಿಯೂ ‘ಆಮೇಲೆ’ ಎಂಬುದಿಲ್ಲ. ತಂಬಿಗೆ ಇಟ್ಟಲ್ಲೇ ಇರುತ್ತದೆ. ಚಿತ್ರಕಥೆಗೆ ಬೇಕಾದುದು ಒಂದೇ ಮುಖವನ್ನು ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ಭಾವದಲ್ಲಿ ಬರೆದರೂ ಅದು ಅದೇ ಮನುಷ್ಯನೆಂದು ಗುರುತು ಸಿಗುವ ಹಾಗೆ ಬರೆಯುವ ಶಕ್ತಿ, ಮತ್ತು ಏನನ್ನು ಬರೆಯದೆ ಬಿಡಬೇಕೆಂಬ ವಿವೇಕ. ಇದನ್ನು ಮಕ್ಕಳು ಕಲಿಯುತ್ತಿದ್ದುದು ತರಗತಿಯ ಹೊರಗೆ, ಚಿತ್ರಕಥೆಗಳನ್ನು ನಕಲು ಮಾಡುತ್ತ. ವಿಜ್ಞಾನದ ಪಟ್ಟಿಯ ಹಿಂದೆ ಇಂತಹ ಚಿತ್ರ ಸಿಕ್ಕಿತೆಂದು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ. ಅಂತಹ ಪಟ್ಟಿಗಳನ್ನು ನಾನು ಕೇಳಿ ಪಡೆದು ಇಟ್ಟುಕೊಳ್ಳುತ್ತಿದ್ದೆ.

ಆದ್ದರಿಂದ ಕೆಂಪುಕಲ್ಲು ಅವರು ಹೇಳಿದ್ದರಲ್ಲಿ ಅರ್ಧವನ್ನು ಒಪ್ಪುತ್ತೇನೆ. ಆರಂಭಕ್ಕೆ ಸರಳ ಗೆರೆ ಬೇಕು. ಆದರೆ ಎರಡು ವರ್ಷ ಕಳೆದ ಮೇಲೆ ಅದೇ ಮಗುವಿಗೆ ಡಿಂಗ ಸಾಲದು. ಕುದುರೆ ಓಡುವಾಗ ಕಾಲು ಹೇಗಿರುತ್ತದೆ ಎಂದು ಅದು ಹುಡುಕುತ್ತದೆ. ಆಗ ಎಂ. ಟಿ. ವಿ. ಆಚಾರ್ಯರ ಮಹಾಭಾರತದ ಮುಖಪುಟಗಳು ಎದುರಿಗಿರಬೇಕು. ಚಂದಮಾಮಕ್ಕಾಗಿ ಅವುಗಳನ್ನು ಬರೆದ ಆಚಾರ್ಯರು ಮುಂದೆ ಬೆಂಗಳೂರಿನಲ್ಲಿದ್ದುಕೊಂಡು ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಚಿತ್ರಕಲಾ ಶಾಲೆ ಇಲ್ಲದ ನಮ್ಮಂತಹ ಊರುಗಳವರಿಗೆ ಆ ಪಾಠದ ಲಕೋಟೆ ಬರುವುದೆಂದರೆ ಗುರುವೇ ಮನೆಗೆ ಬಂದಷ್ಟು ಸಂತೋಷವಾಗುತ್ತಿತ್ತು.

ಅಘನಾಶಿನಿ (ಕುಮಟಾ)

ಮಾಸ್ತರರೇ, ಅಮೆರಿಕದ ಪೀನಟ್ಸ್ ಪಟ್ಟಿಚಿತ್ರ ಬರೆದ ಚಾರ್ಲ್ಸ್ ಶುಲ್ಜ್ ಅವರೂ ಅಂಚೆಯ ಮೂಲಕವೇ ಚಿತ್ರಕಲೆ ಕಲಿತವರು. ಅವರ ಮೊದಲ ಪ್ರಕಟಿತ ಚಿತ್ರ 1937ರಲ್ಲಿ ಬಂದದ್ದು ರಿಪ್ಲಿಯ ‘ನಂಬಿದರೆ ನಂಬಿ’ ಅಂಕಣದಲ್ಲಿ. ಕಂಡಕಂಡದ್ದನ್ನೆಲ್ಲ ತಿನ್ನುತ್ತಿದ್ದ ತಮ್ಮ ಮನೆಯ ನಾಯಿಯ ಚಿತ್ರವನ್ನು ಬರೆದು ಕಳುಹಿಸಿದ್ದರು. ಓದುತ್ತಿದ್ದ ಅಂಕಣಕ್ಕೇ ತನ್ನ ಚಿತ್ರ ಕಳುಹಿಸಬಹುದು ಎಂಬುದು ಆ ಹುಡುಗನಿಗೆ ಎಷ್ಟು ದೊಡ್ಡ ಪ್ರೇರಣೆಯಾಗಿರಬೇಕು. ನಮ್ಮ ಮಕ್ಕಳ ಪುರವಣಿಗಳು ಓದುಗರ ಚಿತ್ರ ಅಚ್ಚು ಹಾಕುವುದನ್ನು ನಾನು ಈ ಕಾರಣಕ್ಕೇ ಬಹಳ ಮೆಚ್ಚುತ್ತೇನೆ.

ರೇಖೆ_ಬರಹ (ಭಟ್ಕಳ)

ಇಲ್ಲಿ ಮಾತಾಡುತ್ತಿರುವವರಲ್ಲಿ ನಾನೇ ಚಿಕ್ಕವಳಿರಬೇಕು. ನನ್ನ ತಲೆಮಾರಿನ ಹೆಚ್ಚಿನವರಿಗೆ ಚಂದಮಾಮ, ಬಾಲಮಂಗಳ ಎರಡೂ ಸಿಗಲಿಲ್ಲ. ಮುದ್ರಣ ನಿಂತ ಮೇಲೆ ಓದು ಕಲಿತವರು ನಾವು. ನನ್ನನ್ನು ಬರೆಯಲು ಕೂರಿಸಿದ್ದು ಮಾಂಗಾ, ಎಂದರೆ ಜಪಾನಿನ ಚಿತ್ರಕಥೆ. ಮೊದಲು ಟಿವಿಯಲ್ಲಿ ಡೋರೆಮಾನ್, ಆಮೇಲೆ ಫೋನಿನಲ್ಲಿ ನರುಟೊ, ಅದಾದ ಮೇಲೆ ಪುಸ್ತಕ. ಹಿರಿಯರು ಇದನ್ನು ಓದೆಂದು ಒಪ್ಪದಿರಬಹುದು.

ಹಳೇ ಸಂಚಿಕೆ (ಶಿರಸಿ)

ಓದೆಂದು ಒಪ್ಪುತ್ತೇನೆ ತಂಗೀ, ಆದರೆ ಎಲ್ಲರೂ ಒಂದೇ ಬಗೆಯ ದೊಡ್ಡ ಕಣ್ಣು, ಒಂದೇ ಬಗೆಯ ಕೂದಲು ಬರೆಯುವುದನ್ನು ಕಂಡಾಗ ಬೇಸರವಾಗುತ್ತದೆ. ನಮ್ಮ ಊರಿನ ಮುಖ ಆ ಚಿತ್ರಗಳಲ್ಲಿ ಎಲ್ಲಿದೆ?

ರೇಖೆ_ಬರಹ (ಭಟ್ಕಳ)

ನಿಮ್ಮ ಕಾಲದಲ್ಲಿ ಎಲ್ಲರೂ ಫ್ಯಾಂಟಮನ ಮುಖವಾಡ ಬರೆಯುತ್ತಿದ್ದಿರಲ್ಲ, ಅದು ಯಾವ ಊರಿನ ಮುಖ?

ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ. ನರುಟೊ ಬರೆದ ಮಸಾಶಿ ಕಿಶಿಮೊಟೊ ಅವರು ಬಾಲ್ಯದಲ್ಲಿ ಡ್ರ್ಯಾಗನ್ ಬಾಲ್ ಬರೆದ ಅಕಿರಾ ತೊರಿಯಾಮಾ ಅವರ ಅಭಿಮಾನಿ. ತೊರಿಯಾಮಾ ಬಾಲ್ಯದಲ್ಲಿ ಒಸಾಮು ತೆಜುಕಾ ಅವರ ಆಸ್ಟ್ರೋ ಬಾಯ್ ಮೆಚ್ಚಿದವರು. ತೆಜುಕಾ ಅವರು ಡಿಸ್ನಿಯ ಚಲನಚಿತ್ರಗಳನ್ನು ಮತ್ತೆ ಮತ್ತೆ ನೋಡಿದವರು, ಅವರ ಪಾತ್ರಗಳ ದೊಡ್ಡ ಕಣ್ಣಿನ ಮೇಲೆ ಆ ಪ್ರಭಾವವಿದೆ. 1947ರಲ್ಲಿ, ಎಂದರೆ ನಿಮ್ಮ ಚಂದಮಾಮ ಹುಟ್ಟಿದ ವರ್ಷವೇ, ತೆಜುಕಾ ಅವರ ‘ಹೊಸ ನಿಧಿದ್ವೀಪ’ ಪ್ರಕಟವಾಯಿತು. ಆ ಪುಸ್ತಕ ಓದಿ ಬೆರಗಾದ ಇಬ್ಬರು ಬಾಲಕರು ಮುಂದೆ ಫುಜಿಕೊ ಫುಜಿಯೊ ಎಂಬ ಒಂದೇ ಹೆಸರಿನಲ್ಲಿ ಬರೆಯತೊಡಗಿದರು. ಅವರಲ್ಲಿ ಒಬ್ಬರು ಡೋರೆಮಾನನನ್ನು ಸೃಷ್ಟಿಸಿದರು. ಅಮೆರಿಕದ ಸಿನಿಮಾ ನೋಡಿ ಜಪಾನಿನವನೊಬ್ಬ ಬರೆಯುತ್ತಾನೆ, ಅದನ್ನು ಓದಿ ಮತ್ತೊಬ್ಬ, ಅದನ್ನು ನೋಡಿ ಭಟ್ಕಳದ ನಾನು. ಪರವೂರಿನ ಕಣ್ಣುಗಳಿಂದ ಆರಂಭಿಸಿದರೂ ಈಗ ನಾನು ಬರೆಯುತ್ತಿರುವ ಕಥೆ ನಮ್ಮ ಮೀನು ಪೇಟೆಯಲ್ಲಿ ನಡೆಯುತ್ತದೆ, ಅದರ ನಾಯಕಿ ಬುಟ್ಟಿ ಹೊತ್ತು ಬರುವ ಒಬ್ಬ ಅಜ್ಜಿ. ಅಜ್ಜಿಯ ಸುಕ್ಕುಗಳನ್ನು ಬರೆಯಲು ಮಾಂಗಾ ನನಗೆ ಕಲಿಸಲಿಲ್ಲ, ಪೇಟೆಯಲ್ಲಿ ನಿಂತು ನೋಡಿ ಕಲಿತೆ. ಆದರೆ ಸುಮ್ಮನೆ ನಿಂತ ಅಜ್ಜಿಗೆ ಒಂದು ಪೂರ್ತಿ ಪುಟ ಕೊಡಬಹುದು, ಮಾತಿಲ್ಲದ ಚೌಕವೂ ಕಥೆಯ ಭಾಗವೇ ಎಂದು ಕಲಿಸಿದ್ದು ಮಾಂಗಾ.

ಹಳೇ ಸಂಚಿಕೆ (ಶಿರಸಿ)

ಆ ಅಜ್ಜಿಯ ಪುಟಗಳನ್ನು ಇಲ್ಲಿ ಹಾಕಿರಿ, ನೋಡಲು ಕಾಯುತ್ತಿದ್ದೇನೆ.

ತಾಳಮದ್ದಳೆ (ಸಿದ್ದಾಪುರ)

ಎಲ್ಲರೂ ಹೊರಗಿನಿಂದ ಬಂದ ಪುಸ್ತಕಗಳನ್ನೇ ಹೇಳುತ್ತಿದ್ದೀರಿ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿರುವ ಕಾವಿ ಚಿತ್ರಗಳನ್ನು ನೋಡಿ ಬೆಳೆದವರು ಯಾರೂ ಇಲ್ಲವೇ? ಕೆಂಪು ಮತ್ತು ಬಿಳಿ, ಎರಡೇ ಬಣ್ಣ. ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಪೂರ್ತಿ ಒಣಗುವ ಮೊದಲು ಚೂಪಾದ ಸಲಾಕೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರಗೆ ತರುವ ಕೆಲಸ ಅದು. ಕಪ್ಪು ಶಾಯಿಯಲ್ಲಿ ಚಿತ್ರಕಥೆ ಬರೆಯುವವರು ಬೆಳಕು ಮತ್ತು ನೆರಳನ್ನು ಹೇಗೆ ಹಂಚಬೇಕೆಂದು ಅಲ್ಲಿ ನೋಡಿ ಕಲಿಯಬಹುದು. ನಮ್ಮ ಸೀಮೆಯ ದೀವರ ಮನೆಗಳ ಗೋಡೆಯ ಹಸೆ ಚಿತ್ತಾರವೂ ಹಾಗೆಯೇ, ಪುಂಡಿ ನಾರಿನ ಕುಂಚದಲ್ಲಿ ಅಕ್ಕಿ ಹಿಟ್ಟಿನ ಬಿಳಿ ಗೆರೆ.

ಸದಾಶಿವಗಡ (ಕಾರವಾರ)

ಬಹಳ ಚೆಲುವಾದ ಕಲೆಗಳು. ಆದರೆ ಪ್ರಶ್ನೆ ಓದಿನದು.

ತಾಳಮದ್ದಳೆ (ಸಿದ್ದಾಪುರ)

ಓದಿಗೇ ಬರುತ್ತೇನೆ. ನನ್ನ ಕೈಗೆ ಮೊದಲು ಸಿಕ್ಕಿದ್ದು ಯಕ್ಷಗಾನದ ಪ್ರಸಂಗ ಪುಸ್ತಕಗಳು, ಅಜ್ಜ ಭಾಗವತರಾಗಿದ್ದರು. ಪ್ರಸಂಗದಲ್ಲಿ ಪದ್ಯಗಳು ಮಾತ್ರ ಇರುತ್ತವೆ, ಮಾತು ಅಚ್ಚಾಗಿರುವುದಿಲ್ಲ. ಅರ್ಥಧಾರಿ ಕುಳಿತಲ್ಲೇ ಮಾತು ಕಟ್ಟುತ್ತಾನೆ. ಅದೇ ಪದ್ಯಕ್ಕೆ ಒಬ್ಬರ ಕರ್ಣ ಅಳುತ್ತಾನೆ, ಇನ್ನೊಬ್ಬರ ಕರ್ಣ ಸಿಟ್ಟಾಗುತ್ತಾನೆ. ಹಳೆಯ ಚಿತ್ರಕಥೆಯೊಂದರ ಮಾತಿನ ಗುಳ್ಳೆಗಳ ಮೇಲೆ ಬಿಳಿ ಕಾಗದ ಅಂಟಿಸಿ ನನ್ನದೇ ಮಾತು ಬರೆಯಬೇಕೆಂಬ ಯೋಚನೆ ನನಗೆ ಬಂದದ್ದು ಆ ಪ್ರಸಂಗಗಳಿಂದಲೇ. ಗುಳ್ಳೆ ಖಾಲಿಯಾದ ಚಿತ್ರಕಥೆ ಪ್ರಸಂಗವಿದ್ದ ಹಾಗೆ, ಅರ್ಥ ಹೇಳುವವರು ಬೇಕು. ಮಾತು ಬದಲಾದ ಮೇಲೆ ಚಿತ್ರದಲ್ಲಿನ ಮುಖ ಆ ಮಾತಿಗೆ ಹೊಂದದೆ ಹೋಯಿತು, ಮುಖವನ್ನು ತಿದ್ದಬೇಕಾಯಿತು, ತಿದ್ದುತ್ತ ತಿದ್ದುತ್ತ ಚಿತ್ರ ನನ್ನದಾಯಿತು. ಬೆಣ್ಣೆಹೊಳೆಯವರೇ, ಚಿತ್ರ ಬರೆಯಲು ಹೆದರುವ ಮಕ್ಕಳಿಗೆ ಇದನ್ನು ಕೊಟ್ಟು ನೋಡಿ.

ಡ್ರಾಯಿಂಗ್ ಮಾಸ್ತರು (ಹೊನ್ನಾವರ)

ಅತ್ಯುತ್ತಮ ವಿಧಾನ. ನಾನೂ ಇದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಅಂಕೋಲೆಯ ದಿನಕರ ದೇಸಾಯಿಯವರ ಚೌಪದಿಗಳನ್ನು ನಾಲ್ಕು ಚೌಕಗಳಲ್ಲಿ ಬರೆಯಲು ಕೊಡಿ. ನಾಲ್ಕು ಸಾಲು, ನಾಲ್ಕು ಚೌಕ. ತಿರುವು ಬರುವುದು ಹೆಚ್ಚಾಗಿ ಕೊನೆಯ ಸಾಲಿನಲ್ಲಿ. ಪತ್ರಿಕೆಯ ಪಟ್ಟಿಚಿತ್ರಕ್ಕೆ ಬೇಕಾದ ಅಳತೆ ಅಲ್ಲಿ ಸಿದ್ಧವಾಗಿದೆ. ಮೊದಲ ಮೂರು ಚೌಕಗಳಲ್ಲಿ ಗುಟ್ಟು ಬಿಟ್ಟುಕೊಡದಿರುವುದು ಹೇಗೆಂದು ಮಗು ತಾನಾಗಿ ಕಂಡುಕೊಳ್ಳುತ್ತದೆ.

ಅಚ್ಚುಮನೆ (ಕಾರವಾರ)

ಮಾತಿನ ಗುಳ್ಳೆಯ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ಮುದ್ರಣದ ಕೆಲಸ ಮಾಡುವವನು ನಾನು, ಚಿತ್ರಕಥೆಯನ್ನೂ ಬರೆಯುತ್ತೇನೆ. ಕನ್ನಡದ ಮಕ್ಕಳು ಬರೆಯಲು ಆರಂಭಿಸಿ ಅರ್ಧಕ್ಕೆ ಬಿಡುವುದಕ್ಕೆ ಒಂದು ಕಾರಣ ಅಕ್ಷರ. ಅನುವಾದಗೊಂಡ ಚಿತ್ರಕಥೆಗಳಲ್ಲಿ ಗುಳ್ಳೆಯ ಅಳತೆ ಇಂಗ್ಲಿಷಿಗೆ ಹೊಂದಿಸಿದ್ದು; ಇಂಗ್ಲಿಷ್ ಚಿತ್ರಕಥೆಯಲ್ಲಿ ದೊಡ್ಡ ಅಕ್ಷರಗಳನ್ನೇ ಬಳಸುವುದರಿಂದ ಸಾಲುಗಳನ್ನು ಒತ್ತಾಗಿ ಜೋಡಿಸಬಹುದು. ನಮ್ಮ ಲಿಪಿಯಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ‘ಸ್ತ್ರೀ’ ಎಂದು ಬರೆಯಬೇಕಾದರೆ ಎಷ್ಟು ಎತ್ತರ ಬೇಕು ನೋಡಿ. ಸಾಲಿನ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಸಿಕ್ಕಿಕೊಳ್ಳುತ್ತದೆ. ಮಕ್ಕಳು ಇಂಗ್ಲಿಷ್ ಪುಸ್ತಕದ ಅಳತೆಯಲ್ಲಿ ಗುಳ್ಳೆ ಬರೆದುಕೊಂಡು, ಆಮೇಲೆ ಕನ್ನಡದ ಮಾತು ಹಿಡಿಸದೆ, ಪುಟ ಕೆಟ್ಟಿತೆಂದು ಹರಿದು ಹಾಕುತ್ತಾರೆ.

ಅವರಿಗೆ ಹೇಳಬೇಕಾದುದು ಇಷ್ಟೇ: ಮೊದಲು ಮಾತು ಬರೆಯಿರಿ, ಆಮೇಲೆ ಅದರ ಸುತ್ತ ಗುಳ್ಳೆ ಎಳೆಯಿರಿ, ಉಳಿದ ಜಾಗದಲ್ಲಿ ಚಿತ್ರ. ಮಾತು ಹೆಚ್ಚಾದರೆ ಮಾತನ್ನೇ ಕಡಿಮೆ ಮಾಡಿ. ಆಡುಮಾತು ಬಳಸಿದರೆ ಗುಳ್ಳೆ ಚಿಕ್ಕದಾಗುತ್ತದೆ; ಹೊನ್ನಾವರದ ಅಜ್ಜಿ ಗ್ರಂಥದ ಭಾಷೆಯಲ್ಲಿ ಮಾತಾಡುವುದಿಲ್ಲ. ಕಪಾಟಿನಲ್ಲಿ ಕೈಬರಹದ ಕನ್ನಡ ಅಕ್ಷರವಿರುವ ಚಿತ್ರಕಥೆಗಳು ಕೆಲವಾದರೂ ಇರಬೇಕೆಂದು ನನ್ನ ಬಲವಾದ ಅಭಿಪ್ರಾಯ. ಅಚ್ಚಿನ ಅಕ್ಷರ ನೋಡಿದ ಮಗು ‘ಇದು ಯಂತ್ರದ ಕೆಲಸ’ ಎಂದು ದೂರ ನಿಲ್ಲುತ್ತದೆ.

ಕೆಂಪುಕಲ್ಲು (ಅಂಕೋಲಾ)

ಒತ್ತಕ್ಷರದ ಈ ಮಾತನ್ನು ಇಷ್ಟು ವರ್ಷಗಳಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಧನ್ಯವಾದಗಳು.

ಸದಾಶಿವಗಡ (ಕಾರವಾರ)

ಆರ್. ಕೆ. ಲಕ್ಷ್ಮಣ್ ಅವರ ಹೆಸರು ಇನ್ನೂ ಬಂದಿಲ್ಲ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಅಕ್ಷರ ಓದಲು ಬರುವ ಮೊದಲೇ ಮನೆಗೆ ಬರುತ್ತಿದ್ದ ಪಂಚ್, ಸ್ಟ್ರ್ಯಾಂಡ್ ಮುಂತಾದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದರು. ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳನ್ನು ಪತ್ರಿಕೆಯಲ್ಲಿ ನೋಡಿ ಮೆಚ್ಚಿದರು. ಮುಂಬಯಿಯ ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ, ಆದರೆ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ ಕೊರವಂಜಿ ಅವರ ಚಿತ್ರಗಳನ್ನು ಅಚ್ಚು ಹಾಕಿತು. ಓದಲು ಬಾರದ ವಯಸ್ಸಿನ ಮಕ್ಕಳನ್ನೂ ಆ ಕಪಾಟಿನ ಹತ್ತಿರ ಬಿಡಿ ಎಂದು ಹೇಳಲು ಇದನ್ನು ಬರೆದೆ. ಅಂಗನವಾಡಿಯ ಮಕ್ಕಳು ಪುಸ್ತಕ ಹರಿಯುತ್ತಾರೆಂದು ಬೀಗ ಹಾಕಬೇಡಿ.

ಅಘನಾಶಿನಿ (ಕುಮಟಾ)

ಹರಿದರೆ ನನ್ನ ಮಟ್ಟಿಗೆ ಇನ್ನೂ ಒಳ್ಳೆಯದು, ಕೊನೆಯ ಪುಟವನ್ನು ಬೇರೊಬ್ಬರು ಬರೆಯುತ್ತಾರೆ.

ಬೆಣ್ಣೆಹೊಳೆ (ಶಿರಸಿ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪುಸ್ತಕದ ಹೆಸರು ಕೇಳಲು ಬಂದವಳಿಗೆ ಕಪಾಟು ಹೇಗಿರಬೇಕೆಂಬುದೇ ಬೇರೆಯಾಗಿ ಕಾಣತೊಡಗಿದೆ. ಸದ್ಯಕ್ಕೆ ಹೀಗೆ ನಿರ್ಧರಿಸಿದ್ದೇನೆ. ಅಮರ ಚಿತ್ರಕಥೆಯನ್ನು ಕೆಲವೇ ಪ್ರತಿ, ಸುಪ್ಪಾಂಡಿ ಹೆಚ್ಚು. ಮಣಿಪಾಲದಿಂದ ಬರುವ ತುಂತುರು ಪತ್ರಿಕೆಗೆ ಚಂದಾ ಕಟ್ಟುತ್ತೇವೆ, ಏಕೆಂದರೆ ಮುಂದಿನ ಸಂಚಿಕೆಗಾಗಿ ಕಾಯುವುದು ಮಕ್ಕಳಿಗೆ ಗೊತ್ತಾಗಬೇಕು. ಪ್ರಥಮ್ ಬುಕ್ಸಿನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ತಿದ್ದಿ ಬಳಸಲು ಅವರ ಪರವಾನಗಿಯಲ್ಲಿಯೇ ಅವಕಾಶವಿದೆ. ಮಾತು ಅಳಿಸಿ ಮಕ್ಕಳಿಗೆ ಕೊಡಲು ಅವುಗಳನ್ನೇ ಮುದ್ರಿಸಿಕೊಳ್ಳುತ್ತೇವೆ. ಉಳಿದ ಹಣದಲ್ಲಿ ಪುಸ್ತಕದ ಬದಲು ಬಿಳಿ ಕಾಗದ, ಪೆನ್ಸಿಲು ಮತ್ತು ಶಾಯಿ. ರೇಖೆ_ಬರಹ ತಂಗಿ ಒಂದು ಶನಿವಾರ ಬಂದು ಮಕ್ಕಳ ಜೊತೆ ಕೂರಲು ಸಾಧ್ಯವೇ?

ಇನ್ನೊಂದು ಪ್ರಶ್ನೆ ಉಳಿದಿದೆ. ಮಕ್ಕಳು ಬರೆದದ್ದನ್ನು ಗ್ರಂಥಾಲಯದಲ್ಲಿ ಹೇಗೆ ಇಡಬೇಕು? ಗೋಡೆಗೆ ಅಂಟಿಸಿದರೆ ಮಳೆಗಾಲದ ತೇವಕ್ಕೆ ಎರಡೇ ವಾರದಲ್ಲಿ ಹಾಳಾಗುತ್ತದೆ.

ಅಚ್ಚುಮನೆ (ಕಾರವಾರ)

ಗೋಡೆ ಬೇಡ, ಪುಸ್ತಕ ಮಾಡಿ. ಒಂದು ಎ4 ಹಾಳೆಯನ್ನು ಎಂಟು ಸಮಭಾಗವಾಗಿ ಮಡಚಿ, ನಡುವೆ ಒಂದು ಕತ್ತರಿ ಹಾಕಿದರೆ ಹೊಲಿಗೆಯಿಲ್ಲದೆ ಎಂಟು ಪುಟದ ಪುಸ್ತಕವಾಗುತ್ತದೆ. ಬರಹ ಹಾಳೆಯ ಒಂದೇ ಬದಿಯಲ್ಲಿ ಇರುವುದರಿಂದ ಜೆರಾಕ್ಸ್ ಮಾಡಿಸುವುದೂ ಸುಲಭ. ಒಂದು ಹಾಳೆಗೆ ಒಂದು ಪುಸ್ತಕ. ಮೂಲವನ್ನು ಪ್ಲಾಸ್ಟಿಕ್ ಕಡತದಲ್ಲಿಟ್ಟು ಪ್ರತಿಯನ್ನು ಕಪಾಟಿನಲ್ಲಿಡಿ, ಕೊಂಡ ಪುಸ್ತಕಗಳ ಸಾಲಿನಲ್ಲಿಯೇ, ಬೇರೆ ಮೂಲೆಯಲ್ಲಲ್ಲ. ಗ್ರಂಥಾಲಯದ ವಹಿಯಲ್ಲಿ ಅದಕ್ಕೂ ಸಂಖ್ಯೆ ಕೊಡಿ. ಪೆನ್ಸಿಲಿನ ಗೆರೆ ಜೆರಾಕ್ಸಿನಲ್ಲಿ ಸರಿಯಾಗಿ ಮೂಡುವುದಿಲ್ಲ, ಆದ್ದರಿಂದ ಕಪ್ಪು ಶಾಯಿಯಲ್ಲಿ ತಿದ್ದಿಸಬೇಕು.

ರೇಖೆ_ಬರಹ (ಭಟ್ಕಳ)

ಖಂಡಿತ ಬರುತ್ತೇನೆ ಅಕ್ಕಾ. ಪರೀಕ್ಷೆ ಮುಗಿದ ಮೇಲಿನ ಯಾವ ಶನಿವಾರವಾದರೂ ಆಗಬಹುದು. ಆ ನಾಲ್ಕನೆಯ ತರಗತಿಯ ಹುಡುಗನಿಗೆ ಅವನ ಪಟ್ಟಿಯನ್ನು ತರಲು ಮೊದಲೇ ಹೇಳಿಡಿ. ಮಡಚುವ ಕ್ರಮವನ್ನು ಅಚ್ಚುಮನೆಯವರು ಚಿತ್ರ ಬರೆದು ಇಲ್ಲಿ ಹಾಕಿದರೆ ನಾನು ಅಭ್ಯಾಸ ಮಾಡಿಕೊಂಡು ಬರುತ್ತೇನೆ.

ಅಚ್ಚುಮನೆ (ಕಾರವಾರ)

ಇಂದು ರಾತ್ರಿಯೇ ಹಾಕುತ್ತೇನೆ, ಆರು ಚೌಕಗಳಲ್ಲಿ.